ನಾಯಿ ಓಡಿಸಲು ಬರುತ್ತದೆ, ಅದರ ಕಾಲು ನೋಡಲು ಬರುವುದಿಲ್ಲವೇ?

ಅವರ್ಸಾ ಹತ್ತಿರ ಹೆದ್ದಾರಿ ಬದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಏಪ್ರಿಲ್ ತಿಂಗಳು, ಬೆಳಿಗ್ಗೆ ಹನ್ನೊಂದರ ಬಿಸಿಲು. ಬೈಕೊಂದು ಬಂತು. ಹಿಂದೆ ಕೂತವನ ಒಂದು ಕೈಯಲ್ಲಿ ಮೊಬೈಲ್, ಇನ್ನೊಂದು ಕೈಯಲ್ಲಿ ಹಗ್ಗ. ಹಗ್ಗದ ತುದಿಯಲ್ಲಿ ಮುಧೋಳ ನಾಯಿ. ರೀಲ್ಸ್‌ಗಾಗಿ ಓಡಿಸುತ್ತಿದ್ದರು. ಬೈಕ್ ನಿಂತಾಗ ಡಾಂಬರಿನ ಮೇಲೆ ಸಣ್ಣ ಸಣ್ಣ ಕೆಂಪು ಗುರುತು ಕಂಡವು. ನಾಯಿಯ ಮುಂಗಾಲಿನ ಅಂಗಾಲು ಕಿತ್ತುಹೋಗಿತ್ತು.

"ಅದರ ಕಾಲು ನೋಡು ತಮಾ" ಎಂದೆ.

"ಏನೂ ಆಗೂದಿಲ್ಲ ಅಕ್ಕಾ, ನೆಕ್ಕೊಂಡೇ ವಾಸಿ ಮಾಡ್ಕಂತದೆ" ಎಂದ. ಬೈಕ್ ಹೊರಟಿತು, ನಾಯಿ ಮತ್ತೆ ಓಡಿತು.

ಈ ಬರಹ ಆ ಒಂದು ಮಾತಿನ ವಿರುದ್ಧ.

ಮುಧೋಳ ನಾಯಿ ಎಂದರೆ ನಮಗೆಲ್ಲ ಹೆಮ್ಮೆ. 2005ರಲ್ಲಿ ಅದರ ಚಿತ್ರವಿರುವ ಅಂಚೆಚೀಟಿ ಬಂತು. ಸೈನ್ಯವೂ ಅದನ್ನು ತರಬೇತಿಗೆ ತೆಗೆದುಕೊಂಡಿತು. ವಿದೇಶದ ಗ್ರೇಹೌಂಡ್‌ನಂತೆ ಇದೂ ಕಣ್ಣಿಗೆ ಬಿದ್ದ ಬೇಟೆಯನ್ನು ವೇಗದಿಂದಲೇ ಹಿಡಿಯುವ ಜಾತಿ. ಆದರೆ ಅದು ಬಾಗಲಕೋಟೆ ಕಡೆಯ ಒಣ ಬಯಲಿನ ನಾಯಿ. ನಾವು ಅದನ್ನು ತಂದಿರುವುದು ಕಾರವಾರ, ಅಂಕೋಲೆಗೆ. ಇಲ್ಲಿ ಜೂನ್‌ನಿಂದ ನಾಲ್ಕು ತಿಂಗಳು ನೆಲ ಒಣಗುವುದಿಲ್ಲ. ಸದಾ ನೆನೆದ ಅಂಗಾಲು ಮೆತ್ತಗಾಗುತ್ತದೆ. ಮಳೆ ಬಿಟ್ಟ ಕೂಡಲೇ ಅದೇ ಕಾಲಿನಲ್ಲಿ ಚಿರೆಕಲ್ಲಿನ ಮೇಲೆ, ಜಲ್ಲಿಯ ಮೇಲೆ, ಕೊಯ್ದ ಗದ್ದೆಯ ಕೂಳೆಯ ಮೇಲೆ ಓಡಿಸುತ್ತೇವೆ. ಕಡಲತೀರದಲ್ಲಾದರೆ ಚಿಪ್ಪು, ಹಳೆಯ ಗಾಳ, ಒಡೆದ ಬಾಟಲಿ.

ಅಂಗಾಲು ಬರೀ ಗಟ್ಟಿ ಚರ್ಮವಲ್ಲ. ಆ ಕಪ್ಪು ಪದರದ ಒಳಗೆ ಕೊಬ್ಬಿನ ಮೆತ್ತೆಯಿದೆ, ರಕ್ತನಾಳಗಳಿವೆ, ನೋವು ತಿಳಿಯುವ ನರಗಳಿವೆ. ನಾಯಿ ಕಾಲೂರಿದಾಗಲೆಲ್ಲ ಮೆತ್ತೆ ಅಗಲವಾಗುತ್ತದೆ, ಸೀಳಿದ ಗಾಯ ಮತ್ತೆ ಬಾಯಿ ತೆರೆಯುತ್ತದೆ. ಹಾಕಿದ ಹೊಲಿಗೆಯೂ ಬಿಚ್ಚಿಕೊಳ್ಳುವುದು ಇದರಿಂದಲೇ. ಹಾಗಾಗಿ ಈ ಗಾಯಕ್ಕೆ ಮೊದಲ ಮದ್ದು ವಿಶ್ರಾಂತಿ. ಅದೊಂದನ್ನು ಬಿಟ್ಟು ನಾವು ಬೇರೆಲ್ಲ ಕೊಡುತ್ತೇವೆ. ಸೀಮೆಎಣ್ಣೆ ಸುರಿಯುತ್ತೇವೆ, ಎಂಜಿನ್ ಆಯಿಲ್ ಹಚ್ಚುತ್ತೇವೆ, ಫಿನಾಯಿಲ್ ಹಾಕುತ್ತೇವೆ. ಇವೆಲ್ಲ ಗಾಯವನ್ನು ಸುಡುತ್ತವೆ. ನಾಯಿ ನೆಕ್ಕಿದರೆ ಹೊಟ್ಟೆಗೂ ಹೋಗುತ್ತವೆ. ಮನುಷ್ಯರ ನೋವಿನ ಮಾತ್ರೆ ಕೊಡುವವರೂ ಇದ್ದಾರೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಗೆ ವಿಷವಾಗಬಹುದು. ಇನ್ನು ನೆಕ್ಕುವುದರಿಂದ ಗಾಯ ಒದ್ದೆಯಾಗೇ ಉಳಿಯುತ್ತದೆ, ಬಾಯಿಯ ಕೊಳೆ ಒಳಗೆ ಹೋಗುತ್ತದೆ, ಹೊಸ ಚರ್ಮ ಕಿತ್ತು ಬರುತ್ತದೆ.

ಹಾಗಾದರೆ ಏನು ಮಾಡಬೇಕು? ಕಷ್ಟವೇನಿಲ್ಲ. ನೋವಿನಲ್ಲಿ ಸಾಕಿದ ನಾಯಿಯೂ ಕಚ್ಚುತ್ತದೆ, ಆದ್ದರಿಂದ ಮೊದಲು ಮೆತ್ತನೆ ಬಟ್ಟೆಯಿಂದ ಬಾಯಿ ಕಟ್ಟಿ. ಏದುಸಿರು ಬಿಡುತ್ತಿದ್ದರೆ ಮಾತ್ರ ಕಟ್ಟಬೇಡಿ, ಇನ್ನೊಬ್ಬರು ತಲೆ ಹಿಡಿದುಕೊಳ್ಳಲಿ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿಯಿರಿ. ನಿಂತ ಮೇಲೆ ಕುದಿಸಿ ಆರಿಸಿದ ನೀರಿನಿಂದ ಮರಳು, ಕಲ್ಲು ಹೋಗುವಂತೆ ತೊಳೆಯಿರಿ. ಗಾಜು ಅಥವಾ ಗಾಳ ಆಳಕ್ಕೆ ನೆಟ್ಟಿದ್ದರೆ ನೀವೇ ಎಳೆಯಬೇಡಿ. ಬೆರಳುಗಳ ನಡುವೆ ಸ್ವಲ್ಪ ಹತ್ತಿ, ಗಾಯದ ಮೇಲೆ ಗಾಜ್ ಬಟ್ಟೆ, ಅದರ ಮೇಲೆ ಬೆರಳಿನ ಕಡೆಯಿಂದ ಮೇಲಕ್ಕೆ ಬ್ಯಾಂಡೇಜ್. ಬಿಗಿಯಾಗಿ ಕಟ್ಟಿದರೆ ಕಾಲು ಊದುತ್ತದೆ. ದಿನಕ್ಕೊಮ್ಮೆ ಬದಲಿಸಿ, ಒದ್ದೆಯಾದರೆ ಆಗಲೇ ಬದಲಿಸಿ. ಹೊರಗೆ ಬಿಡುವಾಗ ಮಾತ್ರ ಮೇಲೆ ಪ್ಲಾಸ್ಟಿಕ್ ಚೀಲ, ಒಳಗೆ ಬಂದ ಕೂಡಲೇ ತೆಗೆಯಿರಿ. ನೆಕ್ಕದಂತೆ ಹಳೆಯ ಬಕೆಟ್ಟಿನ ತಳ ಕತ್ತರಿಸಿ, ಅಂಚಿಗೆ ಬಟ್ಟೆ ಸುತ್ತಿ ಕೊರಳಿಗೆ ಹಾಕಬಹುದು.

ಸೀಳು ಆಳವಿದ್ದರೆ, ಮೆತ್ತೆ ಜೋತಾಡುತ್ತಿದ್ದರೆ ಅದೇ ದಿನ ಪಶುವೈದ್ಯರ ಬಳಿ ಒಯ್ಯಿರಿ. ಹೊಲಿಗೆ ಬೇಕಾಗಬಹುದು. ಕೀವು, ಕೆಟ್ಟ ವಾಸನೆ, ಹುಳ ಕಂಡರೂ ತಡಮಾಡಬೇಡಿ. ವೈದ್ಯರು ದೂರವಿದ್ದರೆ ಪಶು ಸಂಚಾರಿ ಚಿಕಿತ್ಸಾ ವಾಹನದ 1962ಕ್ಕೆ ಕರೆಮಾಡಿ ಕೇಳಿ.

ಆಮೇಲೆ ತಾಳ್ಮೆ. ಮೇಲ್ಪದರ ಕಿತ್ತಿದ್ದರೆ ಒಂದೆರಡು ವಾರ ಬೇಕು. ಆಳದ ಗಾಯಕ್ಕೆ ಮೂರು ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು. ಕುಂಟುವುದು ನಿಂತಿತು ಎಂದರೆ ವಾಸಿಯಾಯಿತು ಎಂದಲ್ಲ. ತಿಳಿಗೆಂಪು ಹೊಸ ಚರ್ಮ ಗಟ್ಟಿಯಾಗಬೇಕು. ಮೊದಲು ಅಂಗಳದಲ್ಲಿ ಹಗ್ಗ ಹಿಡಿದು ನಡಿಗೆ, ಆಮೇಲೆ ಮಣ್ಣಿನ ದಾರಿ, ಓಟ ಕೊನೆಗೆ. ನಾಯಿಯನ್ನು ಮೂರನೇ ದಿನವೇ ಓಡಿಸುವವನು ಗಾಯವನ್ನೇ ಸಾಕುತ್ತಿದ್ದಾನೆ.

"ಓಡುವುದಕ್ಕೇ ಹುಟ್ಟಿದ ನಾಯಿ, ಕಟ್ಟಿಹಾಕಿ ಕೊಲ್ಲಬೇಕೇ?" ಎಂದು ಕೇಳುತ್ತೀರಿ. ಬೇಡ, ಓಡಲಿ. ಬೆಳಿಗ್ಗೆ ಇಳಿತದ ಹೊತ್ತಿಗೆ ಒದ್ದೆ ಮರಳು ಗಟ್ಟಿಯಾಗಿರುತ್ತದೆ. ಮೊದಲು ನೀವು ನಡೆದು ಗಾಜು, ಗಾಳ ನೋಡಿ, ಆಮೇಲೆ ಬಿಡಿ. ಮನೆಗೆ ಬಂದು ಸಿಹಿನೀರಿನಲ್ಲಿ ಕಾಲು ತೊಳೆದು ಒರೆಸಿ. ಡಾಂಬರಿನ ಮೇಲೆ ಕರೆದೊಯ್ಯುವ ಮುನ್ನ ನಿಮ್ಮ ಅಂಗೈಯ ಹಿಂಭಾಗ ಏಳು ಸೆಕೆಂಡು ರಸ್ತೆಗೆ ಇಟ್ಟು ನೋಡಿ. ನಿಮಗೆ ತಡೆಯದಿದ್ದರೆ ಅದಕ್ಕೂ ತಡೆಯುವುದಿಲ್ಲ. ಬೈಕಿಗೆ ಕಟ್ಟಿ ಓಡಿಸುವುದಂತೂ ಬೇಡವೇ ಬೇಡ. ಬೈಕಿಗೆ ಸುಸ್ತಾಗುವುದಿಲ್ಲ, ನಾಯಿಗೆ ನಿಲ್ಲಲು ಆಗುವುದಿಲ್ಲ.

ಓಟದ ಸ್ಪರ್ಧೆ ಮಾಡುತ್ತೇವೆ ಎನ್ನುವವರಿಗೂ ಒಂದು ಮಾತು. ಇಂಗ್ಲೆಂಡಿನಲ್ಲಿ ಗ್ರೇಹೌಂಡ್ ಓಟ ಮರಳಿನ ಮೇಲೆ ನಡೆಯುತ್ತದೆ. 2010ರ ನಿಯಮದ ಪ್ರಕಾರ ಪಶುವೈದ್ಯರು ಸ್ಥಳದಲ್ಲೇ ಇರಬೇಕು, ಓಟಕ್ಕೆ ಮೊದಲು ಪ್ರತಿ ನಾಯಿಯನ್ನೂ ಪರೀಕ್ಷಿಸಬೇಕು. ನ್ಯೂಜಿಲೆಂಡ್‌ನಲ್ಲಿ ಗಾಯ, ಸಾವು ನಿಲ್ಲದ್ದರಿಂದ ಓಟವನ್ನೇ ಮುಚ್ಚುವುದಾಗಿ ಸರ್ಕಾರ 2024ರ ಡಿಸೆಂಬರ್‌ನಲ್ಲಿ ಘೋಷಿಸಿತು. ಅಷ್ಟೆಲ್ಲ ವ್ಯವಸ್ಥೆ ಇದ್ದಲ್ಲೇ ಹೀಗಾದರೆ, ಒಂದು ಮೈಕು, ಒಂದು ಟ್ರೋಫಿ ಇಟ್ಟುಕೊಂಡು ಸ್ಪರ್ಧೆ ಮಾಡುವ ನಾವು ಯಾವ ಲೆಕ್ಕ? ವೈದ್ಯರಿಲ್ಲದ ಕಡೆ ಓಟವೂ ಬೇಡ.

ಕಾನೂನು ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ಗಾಯಗೊಂಡ ಪ್ರಾಣಿಯನ್ನು ದುಡಿಸುವುದು ಅಪರಾಧ. ಕರ್ನಾಟಕ 2017ರಲ್ಲಿ ತಿದ್ದುಪಡಿ ಮಾಡಿ ವಿನಾಯಿತಿ ಕೊಟ್ಟಿದ್ದು ಕಂಬಳಕ್ಕೆ, ಎತ್ತುಗಳ ಓಟಕ್ಕೆ. ನಾಯಿ ಓಟಕ್ಕಲ್ಲ. ಆದರೆ ಮೊದಲ ತಪ್ಪಿಗೆ ದಂಡ ಎಷ್ಟು ಗೊತ್ತೇ? ಹತ್ತರಿಂದ ಐವತ್ತು ರೂಪಾಯಿ. ಒಂದು ಮೀನೂಟದ ದುಡ್ಡೂ ಅಲ್ಲ. ಹಾಗಾಗಿ ಪೊಲೀಸರನ್ನು ಕಾಯುತ್ತ ಕೂರುವುದರಲ್ಲಿ ಅರ್ಥವಿಲ್ಲ. ತಡೆಯಬೇಕಾದವರು ಊರಿನವರೇ.

ಇವತ್ತು ಸಂಜೆ ನಿಮ್ಮ ನಾಯಿಯ ನಾಲ್ಕೂ ಕಾಲು ಎತ್ತಿ ಅಡಿ ನೋಡಿ. ಬೆರಳ ಸಂದಿಯನ್ನೂ ಬಿಡಿಸಿ ನೋಡಿ. ನಾಳೆ ಊರಿನ ಹುಡುಗ ನಾಯಿ ಓಡಿಸಿದ ವಿಡಿಯೋ ಗುಂಪಿಗೆ ಹಾಕಿದರೆ ಲೈಕ್ ಒತ್ತುವ ಮೊದಲು ಒಂದೇ ಪ್ರಶ್ನೆ ಕೇಳಿ: "ತಮಾ, ಅದರ ಕಾಲಿನ ಫೋಟೋ ಹಾಕು ನೋಡ್ವಾ."