ಸಾಕುನಾಯಿಯ ಕಾಯಿಲೆಗೂ ಒಂದು ಕಡತ ಬೇಕು

ಹಾಸನ ಜಿಲ್ಲೆಯ ತಾಲ್ಲೂಕು ಪಶು ಆಸ್ಪತ್ರೆಗಳ ಮುಂದಿನ ಸರದಿಯನ್ನು ಗಮನಿಸಿದವರಿಗೆ ಒಂದು ಬದಲಾವಣೆ ಕಾಣದೇ ಇರದು. ಹೊಳೆನರಸೀಪುರವಾಗಲಿ, ಅರಕಲಗೂಡಾಗಲಿ, ಚನ್ನರಾಯಪಟ್ಟಣವಾಗಲಿ, ಕೆಚ್ಚಲು ಬಾವಿನ ಹಸು ಮತ್ತು ಜ್ವರ ಬಂದ ಮೇಕೆಗಳ ಪಕ್ಕದಲ್ಲಿ ಈಗ ಲ್ಯಾಬ್ರಡಾರ್, ಪಗ್, ಜರ್ಮನ್ ಶೆಫರ್ಡ್ ನಾಯಿಗಳೂ ನಿಂತಿರುತ್ತವೆ. ನಿವೃತ್ತರು, ಶಿಕ್ಷಕರು, ವ್ಯಾಪಾರಿಗಳು, ಮಕ್ಕಳು ಬೆಂಗಳೂರು ಸೇರಿದ ಮೇಲೆ ಮನೆಯಲ್ಲಿ ಇಬ್ಬರೇ ಉಳಿದ ದಂಪತಿಗಳು ಅವುಗಳನ್ನು ಕರೆತಂದಿರುತ್ತಾರೆ.

ನಮ್ಮ ಪಶುವೈದ್ಯ ವ್ಯವಸ್ಥೆ ಹಸುವಿನ ಸುತ್ತ ಬೆಳೆದದ್ದು. ಹಾಲೇ ಸಾವಿರಾರು ಕುಟುಂಬಗಳ ವಾರದ ಆದಾಯವಾಗಿರುವ ಜಿಲ್ಲೆಯಲ್ಲಿ ಅದು ಸಹಜವೂ ಹೌದು, ನ್ಯಾಯವೂ ಹೌದು. ಆದರೆ ಮನೆಯೊಳಗೆ ಹತ್ತು ಹನ್ನೆರಡು ವರ್ಷ ಬದುಕುವ ನಾಯಿಗೆ ಬರುವ ಕಾಯಿಲೆಗಳ ಸ್ವರೂಪವೇ ಬೇರೆ. ಅವು ಮನುಷ್ಯರ ಮಧುಮೇಹ, ರಕ್ತದೊತ್ತಡಗಳಂತೆ ದೀರ್ಘಕಾಲದವು. ಇವುಗಳಲ್ಲಿ ಹೆಚ್ಚು ಕಾಡುವುದು ಮತ್ತೆ ಮತ್ತೆ ಮರುಕಳಿಸುವ ವಾಂತಿ-ಭೇದಿ.

ಚಿತ್ರ ಬಹುತೇಕ ಎಲ್ಲ ಮನೆಗಳಲ್ಲೂ ಒಂದೇ. ಭೇದಿ ಆರಂಭವಾಗುತ್ತದೆ, ಒಂದು ಇಂಜೆಕ್ಷನ್, ಐದು ದಿನದ ಮಾತ್ರೆ. ನಿಲ್ಲುತ್ತದೆ. ಹದಿನೈದು ದಿನಗಳ ನಂತರ ಮತ್ತೆ ಅದೇ. ಈ ಬಾರಿ ಬೇರೆ ವೈದ್ಯರು, ಬೇರೆ ಇಂಜೆಕ್ಷನ್. ಪ್ರತಿ ಭೇಟಿಯೂ ಮೊದಲ ಭೇಟಿಯೇ. ಹಿಂದಿನದರ ದಾಖಲೆ ಆಸ್ಪತ್ರೆಯಲ್ಲೂ ಇಲ್ಲ, ಮನೆಯಲ್ಲೂ ಇಲ್ಲ. ಆಡಳಿತದಲ್ಲಿ ದಶಕಗಳನ್ನು ಕಳೆದ ನನಗೆ ಇದು ತೀರಾ ಪರಿಚಿತ ಸ್ಥಿತಿ. ಕಡತವಿಲ್ಲದ ಸಮಸ್ಯೆ ಎಂದೂ ಇತ್ಯರ್ಥವಾಗುವುದಿಲ್ಲ, ಮುಂದಕ್ಕೆ ಹೋಗುತ್ತಿರುತ್ತದೆ ಅಷ್ಟೆ.

ಮೂರು ವಾರ ಮೀರಿದ, ಅಥವಾ ಬಿಟ್ಟು ಬಿಟ್ಟು ಮರಳುವ ತೊಂದರೆಯನ್ನು ಪಶುವೈದ್ಯಶಾಸ್ತ್ರ ದೀರ್ಘಕಾಲದ ಕರುಳಿನ ಕಾಯಿಲೆ ಎಂದು ಪರಿಗಣಿಸುತ್ತದೆ. ಅದನ್ನು ನಿಭಾಯಿಸಲು ಒಂದು ಕ್ರಮವಿದೆ. ಮೊದಲನೆಯದು ಮಲಪರೀಕ್ಷೆ. ಕೊಕ್ಕೆಹುಳು, ಚಾಟಿಹುಳು, ಜಿಯಾರ್ಡಿಯಾ ಎಂಬ ಸೂಕ್ಷ್ಮ ಪರಾವಲಂಬಿ ಒಂದೇ ದಿನದ ಮಾದರಿಯಲ್ಲಿ ತಪ್ಪಿಸಿಕೊಳ್ಳಬಹುದಾದ್ದರಿಂದ ಬೇರೆ ಬೇರೆ ದಿನಗಳ ಮೂರು ಮಾದರಿ ನೋಡುವುದು ಒಳ್ಳೆಯದು. ಎರಡನೆಯದು ಆಹಾರದ ಪರೀಕ್ಷೆ. ನಾಯಿ ಹಿಂದೆ ತಿಂದಿರದ ಒಂದೇ ಬಗೆಯ ಮಾಂಸ ಮತ್ತು ಒಂದೇ ಧಾನ್ಯ, ಇಲ್ಲವೇ ವೈದ್ಯರು ಸೂಚಿಸುವ ವಿಶೇಷ ಆಹಾರವನ್ನು ಬಿಟ್ಟು ಬೇರೇನನ್ನೂ ಕೆಲವು ವಾರ ಕೊಡಬಾರದು. ಇವೆರಡರಿಂದಲೂ ಗುಣ ಕಾಣದಿದ್ದರೆ ಮಾತ್ರ ರಕ್ತಪರೀಕ್ಷೆ, ಸ್ಕ್ಯಾನ್, ಬಿ-12 ಜೀವಸತ್ವದ ಮಟ್ಟ, ಕೊನೆಗೆ ಕರುಳಿನ ಬಯಾಪ್ಸಿ. ಜರ್ಮನ್ ಶೆಫರ್ಡ್‌ಗಳಲ್ಲಿ ಮೇದೋಜೀರಕ ಗ್ರಂಥಿ ಕ್ಷೀಣಿಸಿ, ಎಷ್ಟು ತಿಂದರೂ ಮೈ ಹತ್ತದ ಕಾಯಿಲೆಯೊಂದು ಹೆಚ್ಚು. ಅದಕ್ಕೆ ಜೀವನಪರ್ಯಂತ ಆಹಾರದೊಡನೆ ಕಿಣ್ವದ ಪುಡಿ ಬೆರೆಸಬೇಕಾಗುತ್ತದೆ.

ಗಮನಾರ್ಹ ಸಂಗತಿಯೆಂದರೆ, ಇಂಥ ನಾಯಿಗಳ ಪೈಕಿ ಹೆಚ್ಚಿನವು ಆಹಾರದ ಹಂತದಲ್ಲಿಯೇ, ಸಾಮಾನ್ಯವಾಗಿ ಎರಡು ವಾರಗಳೊಳಗೆ ಚೇತರಿಕೆ ತೋರುತ್ತವೆ. ಅಂದರೆ ಅತಿ ಅಗ್ಗದ ಔಷಧ ನಮ್ಮ ಅಡುಗೆಮನೆಯಲ್ಲಿದೆ. ತೊಡಕಿರುವುದೂ ಅಲ್ಲಿಯೇ. ಹಾಲಿನ ಜಿಲ್ಲೆಯಲ್ಲಿ ನಾಯಿಗೆ ಹಾಲು ಹಾಕದಿರುವುದು ಜಿಪುಣತನವೆನಿಸುತ್ತದೆ. ಆದರೆ ಬೆಳೆದ ನಾಯಿಗಳಲ್ಲಿ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಕುಗ್ಗಿರುತ್ತದೆ. ರಾಗಿಮುದ್ದೆಯನ್ನು ದೂರುವವರುಂಟು, ಅದಕ್ಕಿಂತ ಮುದ್ದೆಯ ಜೊತೆ ಸುರಿಯುವ ಸಾರಿನ ಈರುಳ್ಳಿ, ಬೆಳ್ಳುಳ್ಳಿ, ಖಾರಗಳನ್ನು ಅನುಮಾನಿಸುವುದು ಮೇಲು. ಈರುಳ್ಳಿ ಮತ್ತು ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನೇ ನಾಶಮಾಡಬಲ್ಲವು.

ನಮ್ಮ ಮನೆಯ ಒಂಬತ್ತು ವರ್ಷದ ನಾಯಿಗೂ ಈ ತೊಂದರೆಯಿದೆ. ವೈದ್ಯರ ಸಲಹೆಯಂತೆ ನಾನೊಂದು ಪುಸ್ತಕ ಇಟ್ಟಿದ್ದೇನೆ. ತಾರೀಖು, ತಿಂದದ್ದು, ಮಲದ ಸ್ಥಿತಿ, ವಾಂತಿ, ವಾರಕ್ಕೊಮ್ಮೆ ತೂಕ ಎಂದು ಅದರಲ್ಲಿ ಐದೇ ಅಂಕಣ. ಎರಡು ತಿಂಗಳಲ್ಲಿ ಕೆಟ್ಟ ದಿನಗಳೆಲ್ಲ ಸೋಮವಾರ, ಮಂಗಳವಾರಗಳಲ್ಲೇ ಬರುತ್ತಿರುವುದು ಕಂಡಿತು. ಭಾನುವಾರ ಬರುವ ನೆಂಟರು ಪ್ರೀತಿಯಿಂದ ಕೊಡುತ್ತಿದ್ದ ಬೇಕರಿ ರಸ್ಕು ನಿಂತ ಮೇಲೆ ಆ ಅಂಕಣ ಬಹುಪಾಲು ಖಾಲಿಯಾಗಿದೆ. ಯಾವ ಸ್ಕ್ಯಾನಿಂಗ್ ಯಂತ್ರವೂ ಇದನ್ನು ಹೇಳುತ್ತಿರಲಿಲ್ಲ. ಆದರೆ ಪುಸ್ತಕ ವೈದ್ಯರಿಗೆ ಬದಲಿಯಲ್ಲ. ಮಲದಲ್ಲಿ ರಕ್ತ, ನಿಲ್ಲದ ವಾಂತಿ, ಇಳಿಯುತ್ತಿರುವ ತೂಕ ಕಂಡರೆ ಕಾಯುವಂತಿಲ್ಲ. ಮರಿಗಳಲ್ಲಿ ರಕ್ತಭೇದಿ ಪಾರ್ವೊ ವೈರಾಣುವಿನ ಲಕ್ಷಣವಿರಬಹುದಾದ್ದರಿಂದ ಅಂದೇ ಚಿಕಿತ್ಸೆ ಆಗಬೇಕು.

ಪ್ರತಿ ಸಲವೂ ಆ್ಯಂಟಿಬಯಾಟಿಕ್ ಕೊಡುವ ರೂಢಿಯ ಬಗ್ಗೆ ಒಂದು ಮಾತು. ಅದು ಕರುಳಿಗೆ ಬೇಕಾದ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತದೆ, ಔಷಧಕ್ಕೆ ಜಗ್ಗದ ರೋಗಾಣುಗಳನ್ನು ಬೆಳೆಸುತ್ತದೆ; ಆ ರೋಗಾಣುಗಳು ನಾಯಿಯಲ್ಲಿಯೇ ಉಳಿಯುತ್ತವೆಂಬ ಭರವಸೆಯಿಲ್ಲ. ಅರ್ಥಶಾಸ್ತ್ರದ ದೃಷ್ಟಿಯಿಂದಲೂ ಇದು ನಷ್ಟದ ಬಾಬತ್ತು. ಸಣ್ಣ ಖರ್ಚನ್ನು ಇಪ್ಪತ್ತು ಸಲ ಮಾಡುವವರು, ಒಮ್ಮೆ ಕ್ರಮಬದ್ಧ ತಪಾಸಣೆಗೆ ತಗಲುವ ಖರ್ಚನ್ನು ದುಬಾರಿಯೆಂದು ಮುಂದೂಡುತ್ತಾರೆ.

ಇದರ ಪರಿಣಾಮ ಹಣಕ್ಕೆ ಸೀಮಿತವಲ್ಲ. ನಿತ್ಯ ಗಲೀಜು ಬಳಿಯುವ ಕೆಲಸ ಸಾಮಾನ್ಯವಾಗಿ ಮನೆಯ ಹೆಂಗಸರ ಪಾಲಿಗೆ ಬರುತ್ತದೆ. ಅವರ ತಾಳ್ಮೆ ಮುಗಿದ ದಿನ ನಾಯಿ ಹೆದ್ದಾರಿಯ ಬದಿ ಸೇರುತ್ತದೆ. ಹಾಗೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಆದರೆ ಮೊದಲ ಅಪರಾಧಕ್ಕೆ ಆ ಕಾಯ್ದೆಯಲ್ಲಿರುವ ದಂಡ 10ರಿಂದ 50 ರೂಪಾಯಿ! ಇಂಥ ದಂಡ ಯಾರನ್ನೂ ತಡೆಯಲಾರದು. ತಡೆಯಬಲ್ಲದ್ದು ಕೈಗೆಟುಕುವ ಚಿಕಿತ್ಸೆ ಮಾತ್ರ.

ಬಡ ರೈತನ ಹಸು ಕಾದಿರುವಾಗ ಮಧ್ಯಮ ವರ್ಗದ ನಾಯಿಗೆ ಸರ್ಕಾರದ ಹಣವೇಕೆ ಎಂಬ ಪ್ರಶ್ನೆ ಏಳುತ್ತದೆ. ಪ್ರಶ್ನೆ ಸರಿಯಾದದ್ದೇ. ಆದರೆ ನಾಯಿಯ ಕೊಕ್ಕೆಹುಳು, ದುಂಡುಹುಳುಗಳು ಮಣ್ಣಿನ ಮೂಲಕ ಮಕ್ಕಳನ್ನೂ ತಲುಪುತ್ತವೆ. ಆ ಮಟ್ಟಿಗೆ ಇದು ಸಾರ್ವಜನಿಕ ಆರೋಗ್ಯದ ವಿಷಯ. ಉಳಿದದ್ದಕ್ಕೆ ಶುಲ್ಕ ವಿಧಿಸಲಿ. ನಾಯಿ ಸಾಕಿದವರಲ್ಲಿ ಬಹುಪಾಲು ಜನ ಅದನ್ನು ಕೊಡಬಲ್ಲರು, ಕೊಡಲೂಬೇಕು.

ಬೇಕಿರುವುದು ಹೊಸ ಕಟ್ಟಡವಲ್ಲ. ಪಶುವೈದ್ಯಕೀಯ ಕಾಲೇಜು ಹಾಸನದಲ್ಲಿಯೇ ಇದೆ. ಮೂರೂ ತಾಲ್ಲೂಕು ಕೇಂದ್ರಗಳು ಅಲ್ಲಿಂದ ಸುಮಾರು 30-40 ಕಿಲೋಮೀಟರ್ ದೂರದಲ್ಲಿವೆ. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ಮಧ್ಯಾಹ್ನವನ್ನು ಸಾಕುಪ್ರಾಣಿಗಳಿಗೆ ಮೀಸಲಿಟ್ಟರೆ ಬೆಳಗಿನ ಸರದಿ ರೈತರಿಗೇ ಉಳಿಯುತ್ತದೆ. ಅಂದು ಮಲಪರೀಕ್ಷೆ ಕಡ್ಡಾಯವಾಗಲಿ. ನಾಯಿಯೊಡನೆ ಹೋಗುವ ಒಂದು ಚಿಕಿತ್ಸಾ ಚೀಟಿ ಇರಲಿ. ಆಹಾರ ಬದಲಿಸಿಯೂ ಗುಣವಾಗದ ಪ್ರಕರಣಗಳ ರಕ್ತದ ಮಾದರಿಗಳು ನಿಗದಿತ ದಿನ ಕಾಲೇಜನ್ನು ತಲುಪಲಿ. ಪಶುಪಾಲನಾ ಇಲಾಖೆ ಮತ್ತು ಕಾಲೇಜು ಒಂದು ಸುತ್ತೋಲೆಯಿಂದ ಇದನ್ನು ಪ್ರಾಯೋಗಿಕವಾಗಿ ಆರಂಭಿಸಬಹುದು.

ಜಾನುವಾರು ಗಣತಿ ನಡೆದಾಗ ನಮ್ಮ ನಾಯಿಗಳನ್ನೂ ಎಣಿಸಿಕೊಂಡು ಹೋಗುತ್ತಾರೆ. ಎಣಿಕೆಗೆ ಸಿಕ್ಕ ಜೀವಕ್ಕೆ ಚಿಕಿತ್ಸೆಯ ಲೆಕ್ಕದಲ್ಲೂ ಒಂದು ಸಾಲು ಸಿಗಬೇಕಾದದ್ದು ನ್ಯಾಯ.