ಹಸಿರು ಫಲಕ ತೊಟ್ಟ ಮಾತ್ರಕ್ಕೆ ಹಸಿರಾದೀತೇ?

ಸಿಂಗಟಗೆರೆಯ ಸೀಮೆಯಲ್ಲಿಯೂ ಈಗ ವಿದ್ಯುತ್ ಕಾರಿನ ಮಾತು ಕೇಳಿಬರುತ್ತಿದೆ. ತೆಂಗು, ಅಡಿಕೆಯ ಹಣ ಕೈಸೇರಿದ ಕುಟುಂಬವು ಎಂಟು ಲಕ್ಷದ ಕಾರನ್ನು ಕೊಳ್ಳಬೇಕೇ, ಇಪ್ಪತ್ತು ಲಕ್ಷದ್ದನ್ನೇ? ‘ಪರಿಸರಕ್ಕಾಗಿ ಕೊಳ್ಳುವುದಾದರೆ ದೊಡ್ಡದನ್ನೇ ಕೊಳ್ಳೋಣ’ ಎಂಬ ವಾದ ಹುಟ್ಟಿಕೊಂಡಿದೆ. ಈ ವಾದವನ್ನು ನಾವು ಒಪ್ಪಲಾರೆವು.

ದುಬಾರಿ ಕಾರಿನಲ್ಲಿ ನಾವು ಮುಖ್ಯವಾಗಿ ಕೊಳ್ಳುವುದು ಬ್ಯಾಟರಿಯನ್ನು. 2022ರಲ್ಲಿ ಬಂದ ಟಾಟಾ ಟಿಯಾಗೊ ವಿದ್ಯುತ್ ಕಾರಿನ ಸಣ್ಣ ಬ್ಯಾಟರಿ 19.2 ಯೂನಿಟ್‌ಗಳದು. 2024ರಲ್ಲಿ ಬಂದ ಮಹೀಂದ್ರಾ ಬಿಇ 6ರ ಸಣ್ಣ ಬ್ಯಾಟರಿಯೇ 59 ಯೂನಿಟ್. ಅಂದರೆ ಮೂರು ಪಟ್ಟು. ಸಣ್ಣ ಕಾರು ಯೂನಿಟ್ಟಿಗೆ ಏಳೆಂಟು ಕಿ.ಮೀ. ಓಡುತ್ತದೆ. ಕಡೂರಿಗೆ ಹೋಗಿಬಂದು ದಿನಕ್ಕೆ 60 ಕಿ.ಮೀ. ಆದರೂ ಬೇಕಾಗುವುದು ಎಂಟು ಯೂನಿಟ್ಟಿನಷ್ಟು. ಮನೆಯ 15 ಆಂಪಿಯರ್ ಸಾಕೆಟ್ಟಿನಲ್ಲಿ ಮೂರ್ನಾಲ್ಕು ಗಂಟೆಯ ಕೆಲಸ. ಉಳಿದ ಭಾರವನ್ನು ಪ್ರತಿದಿನ ಹೊತ್ತು ತಿರುಗುವುದು ಯಾವ ಪರಿಸರಪ್ರೇಮ?

ಆ ಭಾರವೆಲ್ಲವೂ ಎಲ್ಲೋ ಒಂದು ಬೆಟ್ಟವನ್ನು ಬಗೆದು ಬಂದದ್ದು. ಕುದುರೆಮುಖದ ಗಣಿಗಾರಿಕೆ 2005ರ ಕೊನೆಯಲ್ಲಿ ನಿಂತಾಗ ಸಂಭ್ರಮಿಸಿದ ನಾವು, ಇನ್ನೊಬ್ಬರ ಬೆಟ್ಟದ ಲಿಥಿಯಂ, ಗ್ರಾಫೈಟ್, ತಾಮ್ರಕ್ಕೆ ಕಣ್ಣು ಮುಚ್ಚಬಹುದೇ? ವಿದ್ಯುತ್ತೂ ಆಕಾಶದಿಂದ ಉದುರುವುದಿಲ್ಲ. ರಾಯಚೂರು, ಬಳ್ಳಾರಿಗಳಲ್ಲಿ ಕಲ್ಲಿದ್ದಲು ಉರಿಯುತ್ತಿದೆ. ವಿದ್ಯುತ್ತನ್ನು ಕೂಡಿಡುವ ಹೆಸರಿನಲ್ಲಿ ಶರಾವತಿ ಕಣಿವೆಯ ಸಿಂಗಳೀಕಗಳ ಅಭಯಾರಣ್ಯದೊಳಗೆ 2000 ಮೆಗಾವ್ಯಾಟ್‌ನ ಭೂಗತ ಯೋಜನೆ ರೂಪುಗೊಂಡಿದೆ. ಬೇಡಿಕೆ ಬೆಳೆದಷ್ಟೂ ಇಂತಹ ಯೋಜನೆಗಳಿಗೆ ಸಮರ್ಥನೆ ಬೆಳೆಯುತ್ತದೆ.

ಸರ್ಕಾರವೂ ದೊಡ್ಡದನ್ನೇ ಓಲೈಸಿತು. 25 ಲಕ್ಷ ಮೀರಿದ ವಿದ್ಯುತ್ ಕಾರಿಗೆ ಕರ್ನಾಟಕದಲ್ಲಿ ಶೇಕಡ 10ರ ಜೀವಿತಾವಧಿ ತೆರಿಗೆ ಬಂದದ್ದು 2024ರಲ್ಲಿ. ಅಲ್ಲಿಯವರೆಗೆ ಅದಕ್ಕೂ ವಿನಾಯಿತಿಯಿತ್ತು. ಪಂಪ್‌ಸೆಟ್ಟಿನ ತ್ರೀ ಫೇಸ್ ವಿದ್ಯುತ್ತಿಗೆ ರಾತ್ರಿ ಎದ್ದು ಕಾಯುವ ರೈತನಿಗೆ ಇದು ಯಾವ ನ್ಯಾಯ?

ದೊಡ್ಡ ಕಾರು ಯಾರಿಗೂ ಬೇಡವೆಂದಲ್ಲ. ದಿನವೂ ದೂರ ಸಾಗಬೇಕಾದ, ಹೆಚ್ಚು ಜನರನ್ನು ಒಯ್ಯಬೇಕಾದ ಕುಟುಂಬದ ಲೆಕ್ಕ ಬೇರೆ. ಘಟ್ಟ ಹತ್ತುವಾಗ ಬ್ಯಾಟರಿ ಬೇಗ ಇಳಿಯುವುದೂ ನಿಜ; ಇಳಿಯುವಾಗ ಅದರಲ್ಲೊಂದು ಪಾಲು ಮರಳುತ್ತದೆ. ಅಗ್ಗವೆಂದು ಸುರಕ್ಷತೆಯಲ್ಲಿ, ಮನೆಯ ಅರ್ಥಿಂಗಿನಲ್ಲಿ ಉಳಿತಾಯ ಮಾಡಕೂಡದು. ಆದರೆ ವರ್ಷಕ್ಕೆರಡು ಬಾರಿಯ ಬೆಂಗಳೂರು ಪಯಣಕ್ಕಾಗಿ ಹನ್ನೆರಡು ಲಕ್ಷ ಹೆಚ್ಚು ಸಾಲ ಹೊರುವುದೇಕೆ? ಕಡೂರಿನಲ್ಲಿ, ಬೀರೂರಿನಲ್ಲಿ ರೈಲು ನಿಲ್ಲುತ್ತದೆ.

2001ರಲ್ಲಿ ಬೆಂಗಳೂರಿನ ರೇವಾ ಕಾರು ರಸ್ತೆಗಿಳಿದಾಗ ಅದು ಪುಟ್ಟದೆಂದು ನಕ್ಕವರುಂಟು. ಪುಟ್ಟದಾಗಿರುವುದೇ ಅದರ ಗುಣವಾಗಿತ್ತು. ಬಂಧುಗಳೇ, ವಿದ್ಯಾರ್ಥಿ ಮಿತ್ರರೇ, ಕಾರು ಕೊಳ್ಳುವ ಮುನ್ನ ಒಂದು ತಿಂಗಳು ನಿಮ್ಮ ಮನೆಯ ಓಡಾಟವನ್ನು ಪುಸ್ತಕದಲ್ಲಿ ಬರೆದಿಡಿ. ಬಸ್ಸೇ ಸಾಕೆಂದು ಲೆಕ್ಕ ಹೇಳಿದರೆ, ಹೆಚ್ಚಿನ ಬಸ್ಸಿಗಾಗಿ ಒಟ್ಟಾಗಿ ಒತ್ತಾಯಿಸೋಣ. ಕಾರು ಬೇಕೆಂದರೆ, ಅಗತ್ಯಕ್ಕೆ ತಕ್ಕ ಸಣ್ಣದನ್ನೇ ಆರಿಸೋಣ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಬೆಟ್ಟಗಳಿಗೂ ಅನ್ವಯಿಸುತ್ತದೆ.