ನಂಬರು ಓದುವವರು, ರಥ ನೋಡದವರು

ಐವತ್ತರ ಗರಿಗರಿ ನೋಟನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಇಟ್ಟು, ‘ನಾನು ಪರಂಪರೆ ಉಳಿಸುತ್ತಿದ್ದೇನೆ’ ಎನ್ನುವವರ ಜೊತೆ ನನಗೊಂದು ತಕರಾರಿದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಕಾಲೇಜು ಹುಡುಗರಲ್ಲೂ ಈ ಹವ್ಯಾಸ ಕಂಡಿದ್ದೇನೆ. ಸಂಗ್ರಹ ತೋರಿಸುವಾಗ ಮೊದಲ ಮಾತೇ ‘ಸರ್, ಇದರಾಗ 786 ಐತ್ರಿ’. ಆಮೇಲೆ ನಂಬರಿನ ನಡುವಿನ ನಕ್ಷತ್ರ. ಆಮೇಲೆ ಸಹಿ ಊರ್ಜಿತ್ ಪಟೇಲರದೋ, ಶಕ್ತಿಕಾಂತ ದಾಸರದೋ ಎಂಬ ವಿಚಾರಣೆ. ಹಿಂಬದಿಯ ಕಲ್ಲಿನ ರಥದ ಬಗ್ಗೆ ಒಂದು ಮಾತೂ ಇಲ್ಲ.

ನೋಟು ಚೆಂದವಿಲ್ಲ ಎಂದು ನಾನು ಹೇಳುತ್ತಿಲ್ಲ. ಹತ್ತರಲ್ಲಿ ಕೊನಾರ್ಕ್, ಇಪ್ಪತ್ತರಲ್ಲಿ ಎಲ್ಲೋರ, ಐವತ್ತರಲ್ಲಿ ಹಂಪಿ, ನೂರರಲ್ಲಿ ರಾಣಿ ಕಿ ವಾವ್, ಇನ್ನೂರರಲ್ಲಿ ಸಾಂಚಿ, ಐನೂರರಲ್ಲಿ ಕೆಂಪುಕೋಟೆ. ಒಂದೊಂದಕ್ಕೂ ಒಂದೊಂದು ಬಣ್ಣ, ಒಂದೊಂದು ಅಳತೆ. ಸಾಲಾಗಿ ಜೋಡಿಸಿದರೆ ಯಾರಿಗಾದರೂ ಆಸೆ ಹುಟ್ಟೀತು. ಸ್ಮಾರಕಗಳು ನೋಟಿಗೆ ಬಂದದ್ದು ಇದೇ ಮೊದಲೂ ಅಲ್ಲ. 1954ರ ಸಾವಿರದ ನೋಟಿನ ಮೇಲೆ ತಂಜಾವೂರಿನ ದೇವಾಲಯವಿತ್ತು. 1978ರಲ್ಲಿ ಅದು ರದ್ದಾಯಿತು.

ಆದರೆ ಚಿತ್ರವಿರುವುದು ನೋಡುವುದಕ್ಕೆ. 2017ರಲ್ಲಿ ಬಂದ ಐವತ್ತರ ನೋಟನ್ನೇ ತೆಗೆದುಕೊಳ್ಳಿ. ರಥ ಎಂದು ನಾವು ಕರೆಯುವುದು ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಗರುಡನ ಗುಡಿ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್ಲಾ ತೆಗೆದ ಛಾಯಾಚಿತ್ರದಲ್ಲಿ ಅದರ ತಲೆಯ ಮೇಲೆ ಇಟ್ಟಿಗೆಯ ಶಿಖರವಿದೆ, ಇಂದು ಇಲ್ಲ. ಮುಂದೆ ನಿಂತ ಆನೆಗಳು ಮೂಲದವಲ್ಲ. ಅಲ್ಲಿ ಕುದುರೆಗಳಿದ್ದವು, ಅವುಗಳ ಬಾಲದ ಗುರುತು ಆನೆಗಳ ಹಿಂದೆ ಈಗಲೂ ಕಾಣುತ್ತದೆ. ಅಂದರೆ ನೋಟಿನ ಮೇಲಿರುವುದು ಕಟ್ಟಿದವರ ರಥವಲ್ಲ, ಕಾಲ ಉಳಿಸಿಕೊಟ್ಟ ರಥ. ಇದಿಷ್ಟನ್ನು ಕೇಳದೆ 786ನ್ನು ಪೂಜಿಸುವುದು ಲಾಟರಿ ಟಿಕೆಟ್ಟಿನ ಮೋಹ. ಅದಕ್ಕೆ ಪರಂಪರೆಯ ಹೆಸರು ಬೇಡ.

‘ಯಾರಾದರೂ ಜೋಪಾನ ಮಾಡದಿದ್ದರೆ ಹಳೆಯ ನೋಟು ಉಳಿಯುವುದು ಹೇಗೆ?’ ಎನ್ನುತ್ತಾರೆ. ನಿಜ. ರದ್ದಾದ ತಂಜಾವೂರಿನ ನೋಟನ್ನು ಜೋಪಾನ ಮಾಡಿದವರಿಗೆ ನನ್ನ ನಮಸ್ಕಾರ. ಆದರೆ ಸಂತೆಯಲ್ಲಿ ಕೈ ಬದಲಾಯಿಸುತ್ತಿರುವ ನೋಟನ್ನು ನಂಬರಿನ ಆಸೆಗೆ ಕಟ್ಟಿಡುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಕರದಂಟಿನ ಅಂಗಡಿಯ ಗಲ್ಲೆಯಲ್ಲಿ ಮಡಚಿ ಮಡಚಿ ಮೆತ್ತಗಾದ ನೋಟು ಹಂಪಿಯನ್ನು ನೂರಾರು ಜನರ ಕೈಗೆ ಮುಟ್ಟಿಸಿರುತ್ತದೆ. ನಿಮ್ಮ ಆಲ್ಬಮ್ಮಿನದು ಒಬ್ಬರಿಗೂ ಮುಟ್ಟಿಸಿಲ್ಲ.

ನನ್ನ ನಿಜವಾದ ಸಿಟ್ಟು ಬೇರೆ. ನೋಟಿಗೆ ಬಂದದ್ದು ಮಾತ್ರ ಸ್ಮಾರಕ ಎಂಬ ಭಾವನೆ ಈ ಹವ್ಯಾಸದ ಬೆನ್ನಿಗೇ ಬೆಳೆಯುತ್ತಿದೆ. ಹುಕ್ಕೇರಿಯ ಆದಿಲ್‌ಶಾಹಿ ಗುಮ್ಮಟಗಳು ಯಾವ ನೋಟಿನ ಮೇಲೂ ಇಲ್ಲ. ಗೋಕಾಕ ಜಲಪಾತದ ದಂಡೆಯ ಚಾಲುಕ್ಯ ಕಾಲದ ಗುಡಿ ಇಲ್ಲ, ಘಟಪ್ರಭೆಯ ಮೇಲಿನ ತೂಗುಸೇತುವೆ ಇಲ್ಲ, ಮೂಡಲಗಿಯ ಶಿವಬೋಧರಂಗ ಮಠ ಇಲ್ಲ. ಇವುಗಳ ಪಕ್ಕದಲ್ಲೇ ದಿನಾ ಬಸ್ಸಿನಲ್ಲಿ ಓಡಾಡುವ ಹುಡುಗನಿಗೆ ರಾಣಿ ಕಿ ವಾವ್ ನೋಟಿನ ಮಾರುಕಟ್ಟೆ ದರ ಗೊತ್ತು; ತನ್ನ ಊರಿನ ಗುಮ್ಮಟದೊಳಗೆ ಮಲಗಿರುವವರು ಯಾರೆಂದು ಗೊತ್ತಿಲ್ಲ. ಊರಿನವರೇ ಕಣ್ಣೆತ್ತಿ ನೋಡದ ಕಟ್ಟಡದ ಕಲ್ಲು ಒಂದೊಂದಾಗಿ ಜಾರಿದರೂ ಕೇಳುವವರಿರುವುದಿಲ್ಲ.

ಆ ಐವತ್ತನ್ನು ಹಾಳೆಯಿಂದ ಹೊರಗೆ ತೆಗೆಯಿರಿ. ಹುಕ್ಕೇರಿಯ ಬಸ್ಸು ಹತ್ತಿ, ಟಿಕೆಟ್ಟಿಗೆ ಅದನ್ನೇ ಕೊಡಿ.